ಹಳೇ ಸ್ಲೋಚ್ ಹ್ಯಾಟ್‌ಗೆ ಸೋಪು ಬೇಡ, ಮೆತ್ತನೆ ಬ್ರಷ್ ಸಾಕು

ತುಮಕೂರು: ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್‌ಗಳಿಗೆ ಸ್ಲೋಚ್ ಹ್ಯಾಟ್ ಬದಲು ನೀಲಿ ಪೀಕ್ ಕ್ಯಾಪ್ ಕೊಡಲು 2025ರ ಅಕ್ಟೋಬರ್ 28ರಂದು ಚಾಲನೆ ಸಿಕ್ಕಿತು. ನಗರ, ಗುಬ್ಬಿ, ಕುಣಿಗಲ್‌ನ ಪೊಲೀಸ್ ಮನೆಗಳಲ್ಲಿ ಅಪ್ಪನದೋ ತಾತನದೋ ಹಳೇ ಹ್ಯಾಟ್ ನೆನಪಿಗೆ ಇಟ್ಟುಕೊಂಡಿದ್ದರೆ, ಅದನ್ನು ತೊಳೆಯುವ ಮುಂಚೆ ಇದನ್ನು ಓದಿ.

ಉಣ್ಣೆಯ ಫೆಲ್ಟ್ ನೇಯ್ದ ಬಟ್ಟೆಯಲ್ಲ. ಉಣ್ಣೆಗೆ ಬಿಸಿ, ನೀರು, ಒತ್ತಡ ಕೊಟ್ಟು ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿದ್ದು. ಹಾಗಾಗಿ ಬಿಸಿನೀರಲ್ಲಿ ನೆನೆಸಿ ಉಜ್ಜಿದರೆ ಎಳೆಗಳು ಇನ್ನಷ್ಟು ಬಿಗಿದು ಹ್ಯಾಟ್ ಕುಗ್ಗುತ್ತದೆ. ಮತ್ತೆ ಮೊದಲಿನಂತೆ ಆಗುವುದು ಕಷ್ಟ.

ಧೂಳು: ಹ್ಯಾಟ್ ಬ್ರಷ್ ಬೇಕೆಂದೇನಿಲ್ಲ. ಪಾಲಿಶ್ ತಾಗದ ಹೊಸ ಶೂ ಬ್ರಷ್ ಅಥವಾ ಮಗುವಿನ ತಲೆ ಬಾಚುವ ಮೆತ್ತನೆ ಬ್ರಷ್ ಸಾಕು. ಒಂದೇ ದಿಕ್ಕಿಗೆ, ಹಗುರವಾಗಿ ಎಳೆಯಿರಿ. ಕೂದಲು, ನೂಲಿಗೆ ಸೆಲ್ಲೋಟೇಪ್ ಒತ್ತಿ ತೆಗೆಯಿರಿ.

ಎಣ್ಣೆ ಕಲೆ: ಕಾರ್ನ್‌ಫ್ಲೋರ್ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬ್ರಷ್‌ನಿಂದ ಪೂರ್ತಿ ಕೊಡವಿ. ಒಳಗಿನ ಬೆವರು ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಆಯ್ತು.

ಸೊಟ್ಟಗಾದ ಅಂಚು: ಕುದಿಯುವ ಪಾತ್ರೆಯ ಹಬೆಗೆ ದೂರದಿಂದ ಕೆಲವೇ ಸೆಕೆಂಡ್ ಹಿಡಿದು, ಕೈಯಲ್ಲೇ ತಿದ್ದಿ. ಹಬೆ ಕೈಗೆ ತಾಗದಂತೆ ಜೋಪಾನ. ಮಳೆಗೆ ನೆಂದಿದ್ದರೆ ಒಳಗೆ ಪೇಪರ್ ತುಂಬಿ ನೆರಳಲ್ಲೇ ಒಣಗಿಸಿ. ಬಿಸಿಲು, ಹೇರ್ ಡ್ರೈಯರ್ ಬೇಡ.

ಎತ್ತಿಡುವಾಗ ಹ್ಯಾಟ್ ಚೆನ್ನಾಗಿ ಒಣಗಿರಲಿ. ನೆತ್ತಿ ಕೆಳಗೆ ಬರುವಂತೆ ಡಬ್ಬದಲ್ಲಿಟ್ಟರೆ ಅಂಚು ಬಾಗುವುದಿಲ್ಲ. ಉಣ್ಣೆಗೆ ಹುಳು ಬೀಳುವುದರಿಂದ ಆಗಾಗ ತೆಗೆದು ಬ್ರಷ್ ಮಾಡುತ್ತಿರಿ. ನುಸಿಗುಳಿಗೆ ಹಾಕಿದರೆ ಮಕ್ಕಳ ಕೈಗೆ ಸಿಗದ ಕಡೆ ಇಡಿ.