ಕಲ್ಕತ್ತೆಯ ಇಬ್ಬರು ಆಚಾರ್ಯರೂ ಧಾತುಗಳ ಕೋಷ್ಟಕವೂ

ಕಲ್ಕತ್ತೆಯಲ್ಲಿ ಹಿಂದೆ ಅಪ್ಪರ್ ಸರ್ಕ್ಯುಲರ್ ರೋಡ್ ಎಂದು ಕರೆಯಿಸಿಕೊಳ್ಳುತ್ತಿದ್ದು ಈಗ ಆಚಾರ್ಯ ಪ್ರಫುಲ್ಲಚಂದ್ರರ ಹೆಸರನ್ನು ಧರಿಸಿರುವ ರಸ್ತೆಯಲ್ಲಿ, ರಾಜಾಬಜಾರಿನ ಸಮೀಪ, ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜು ಇದೆ. ತಾರಕನಾಥ ಪಾಲಿತ್, ರಾಸ್‌ಬಿಹಾರಿ ಘೋಷ್ ಎಂಬ ಇಬ್ಬರು ನ್ಯಾಯವಾದಿಗಳು ತಮ್ಮ ಜೀವಮಾನದ ಗಳಿಕೆಯನ್ನು ಧಾರೆಯೆರೆದುದರಿಂದಲೂ ಉಪಕುಲಪತಿಯಾಗಿದ್ದ ಆಶುತೋಷ ಮುಖರ್ಜಿಯವರು ಹಟಹಿಡಿದು ಸಾಧಿಸಿದುದರಿಂದಲೂ 1914ರಲ್ಲಿ ತಲೆಯೆತ್ತಿದ ಈ ವಿದ್ಯಾಮಂದಿರದಲ್ಲಿ ಗುರುಶಿಷ್ಯರಾದ ಇಬ್ಬರು ಮಹನೀಯರು ಕೆಲವು ಕಾಲ ಒಟ್ಟಿಗೆ ಅಧ್ಯಾಪಕರಾಗಿದ್ದರು. ಗುರು ಪ್ರಫುಲ್ಲಚಂದ್ರ ರಾಯ್, ಶಿಷ್ಯ ಮೇಘನಾದ ಸಹಾ. ಧಾತುಗಳ ಆವರ್ತಕೋಷ್ಟಕವೆಂದು ನಮ್ಮ ಮಕ್ಕಳು ಪಾಠಶಾಲೆಯ ಗೋಡೆಯ ಮೇಲೆ ನೋಡುವ ಆ ಮನೆಮನೆಗಳ ಪಟದ ಮೇಲೆ ಗುರುವಿನ ದೃಷ್ಟಿ ಒಮ್ಮೆ ನೆಟ್ಟಿತ್ತು. ಆ ಪಟಕ್ಕೆ ಆಧಾರವಾದ ಪರಮಾಣುವಿನ ಒಳರಚನೆಯ ಮೇಲೆ ಶಿಷ್ಯನ ದೃಷ್ಟಿ ನೆಟ್ಟಿತು. ಅವರಿಬ್ಬರ ಕಾರ್ಯಗಳ ನಡುವೆ ಸುಮಾರು ಇಪ್ಪತ್ತೈದು ವರ್ಷಗಳ ಅಂತರವಿದೆ. ಪರಮಾಣುವನ್ನು ಕುರಿತ ಮಾನವನ ತಿಳಿವಳಿಕೆ ಬುಡಮೇಲಾದುದು ಆ ಅಂತರದಲ್ಲಿಯೇ ಆದ್ದರಿಂದ, ವಿಷಯವನ್ನು ಅವರ ಮೂಲಕವೇ ವಿವರಿಸುವುದು ಸುಲಭವೆಂದು ನನಗೆ ತೋರುತ್ತದೆ.

ರಷ್ಯಾದ ಮೆಂಡಲೀಫ್ 1869ರಲ್ಲಿ ತನ್ನ ಕೋಷ್ಟಕವನ್ನು ಪ್ರಕಟಿಸಿದಾಗ ಅರುವತ್ತಮೂರು ಧಾತುಗಳು ಮಾತ್ರ ತಿಳಿದಿದ್ದವು. ಪ್ರತಿಯೊಂದು ಧಾತುವಿನ ಪರಮಾಣುಭಾರವನ್ನು, ಎಂದರೆ ಹೈಡ್ರೊಜನ್ ಪರಮಾಣುವಿಗೆ ಹೋಲಿಸಿದರೆ ಅದರ ಪರಮಾಣು ಎಷ್ಟು ಪಟ್ಟು ಭಾರವೆಂಬುದನ್ನು, ರಸಾಯನಜ್ಞರು ಬಹು ಶ್ರಮದಿಂದ ನಿರ್ಣಯಿಸಿದ್ದರು. ಮೆಂಡಲೀಫ್ ಈ ಭಾರಗಳ ಏರಿಕೆಯ ಕ್ರಮದಲ್ಲಿ ಧಾತುಗಳನ್ನು ಬರೆಯುತ್ತ ಹೋದಾಗ, ಗುಣಗಳು ನಿಯತವಾದ ಅಂತರದಲ್ಲಿ ಮತ್ತೆ ಮತ್ತೆ ಮರಳಿ ಬರುವುದನ್ನು ಕಂಡನು. ನೀರಿಗೆ ಹಾಕಿದೊಡನೆ ಬುಸುಗುಟ್ಟುವ ಸೋಡಿಯಂ ಬಂದು, ಕೆಲವು ಧಾತುಗಳು ಕಳೆದ ಮೇಲೆ, ಅದೇ ಸ್ವಭಾವದ ಪೊಟ್ಯಾಸಿಯಂ ಬರುತ್ತದೆ. ಮತ್ತೆ ಕೆಲವು ಕಳೆದರೆ ರುಬಿಡಿಯಂ. ಒಂದೇ ಸ್ವಭಾವದವನ್ನು ಒಂದರ ಕೆಳಗೊಂದು ನಿಲ್ಲಿಸಿದರೆ ಕಂಬಸಾಲು, ಎಂದರೆ ವರ್ಗ, ಏರ್ಪಡುತ್ತದೆ. ಅಡ್ಡಸಾಲಿಗೆ ಆವರ್ತವೆಂದು ಹೆಸರು. ಹೀಗೆ ಜೋಡಿಸುವಾಗ ಸ್ವಭಾವಕ್ಕೆ ಹೊಂದುವ ಧಾತು ದೊರೆಯದಿದ್ದಲ್ಲಿ ಆತನು ಮನೆಯನ್ನು ಖಾಲಿ ಬಿಟ್ಟನು. ಬಿಟ್ಟುದಲ್ಲದೆ, ಅಲ್ಲಿಗೆ ಬರಬೇಕಾದ ಅಜ್ಞಾತ ಧಾತುಗಳ ಭಾರ, ಸಾಂದ್ರತೆ ಮುಂತಾದುವನ್ನು 1871ರಲ್ಲಿಯೇ ಹೇಳಿಬಿಟ್ಟನು. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಒಂದಾದಮೇಲೊಂದರಂತೆ ಖನಿಜಗಳಿಂದ ಹೊರಬಂದು, ತಮಗಾಗಿ ಕಾದಿದ್ದ ಮನೆಗಳಲ್ಲಿ ಕುಳಿತವು.

ಜರ್ಮೇನಿಯಂ ದೊರೆತ ಮರುವರ್ಷ, 1887ರಲ್ಲಿ, ಎಡಿನ್‌ಬರೋ ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪದವಿಯನ್ನು ಪಡೆದ ಪ್ರಫುಲ್ಲಚಂದ್ರರು 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಹೊಸ ಧಾತುಗಳನ್ನು ಭಾರತದ ನೆಲದ ಖನಿಜದಿಂದಲೇ ತೆಗೆದು ಮೆಂಡಲೀಫನ ಕೋಷ್ಟಕದ ಒಂದೆರಡು ತೆರಪುಗಳನ್ನಾದರೂ ತುಂಬಬೇಕೆಂಬ ಆಸೆ ಅವರಲ್ಲಿ ಮೂಡಿತು. ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಹಾಲಂಡರು ಕೊಟ್ಟ ಅಪೂರ್ವ ಖನಿಜಗಳನ್ನು ಅವರು ಅರೆದು, ಆಮ್ಲದಲ್ಲಿ ಕರಗಿಸಿ, ಒಂದೊಂದೇ ಘಟಕವನ್ನು ಬೇರ್ಪಡಿಸಿ ತೂಗತೊಡಗಿದರು. ಅದು ಅನನುಭವಿಯ ಹಂಬಲವಲ್ಲ. ಆ ಕಾಲದಲ್ಲಿ ಧಾತುಗಳು ದೊರೆಯುತ್ತಿದ್ದ ರಾಜಮಾರ್ಗವೇ ಅದಾಗಿತ್ತು.

ಆದರೆ ನಡುವೆ ಪಾದರಸ ಅಡ್ಡಬಂದಿತು. ಮರ್ಕ್ಯುರಸ್ ನೈಟ್ರೇಟನ್ನು ಹೆಚ್ಚಿನ ಪ್ರಮಾಣದಲ್ಲಿ ತಯಾರಿಸಬೇಕಾಗಿ ಬಂದುದರಿಂದ ಪ್ರಫುಲ್ಲಚಂದ್ರರು ಪಾದರಸದ ಮೇಲೆ ನೀರು ಬೆರೆಸಿದ ನೈಟ್ರಿಕ್ ಆಮ್ಲವನ್ನು, ಕಾಯಿಸದೆ, ಸುರಿದಿಟ್ಟಿದ್ದರು. ಲೋಹದ ಮೇಲ್ಮೈಯಲ್ಲಿ ಹಳದಿ ಹರಳುಗಳ ಪದರವೊಂದು ಕಟ್ಟಿಕೊಂಡಿತು. ಮೊದಲ ನೋಟಕ್ಕೆ ಅದೊಂದು ಪ್ರತ್ಯಾಮ್ಲೀಯ ಲವಣವೆಂದು ತೋರಿದರೂ, ಅಷ್ಟು ಆಮ್ಲವಿರುವ ದ್ರಾವಣದಲ್ಲಿ ಅಂಥದು ಹುಟ್ಟುವುದು ಸಾಮಾನ್ಯಾನುಭವಕ್ಕೆ ವಿರುದ್ಧವಷ್ಟೆ. ಸಂದೇಹದಿಂದ ಪರೀಕ್ಷಿಸಲಾಗಿ ಅದು ಮರ್ಕ್ಯುರಸ್ ಲವಣವೂ ಹೌದು, ನೈಟ್ರೈಟೂ ಹೌದು ಎಂದು ಸಿದ್ಧವಾಯಿತು. ತಾವಾಗಿಯೇ ನಿಲ್ಲಲಾರವೆಂದು ಭಾವಿಸಲಾಗಿದ್ದ ಎರಡು ಘಟಕಗಳು ಇಲ್ಲಿ ಒಂದನ್ನೊಂದು ಆಶ್ರಯಿಸಿ ಸ್ಥಿರವಾದ ಹರಳಾಗಿ ನಿಂತಿದ್ದವು. 1896ರಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಮರ್ಕ್ಯುರಸ್ ನೈಟ್ರೈಟಿನ ವಾರ್ತೆ ಪ್ರಕಟವಾಯಿತು. ನೈಟ್ರೈಟುಗಳು ಆಮೇಲೆ ಅವರನ್ನು ಬಿಡಲಿಲ್ಲ. ಖನಿಜಗಳ ಶೋಧನೆ ಅಲ್ಲಿಗೇ ನಿಂತಿತು.

ಅದೇ ವರ್ಷಗಳಲ್ಲಿ ಕೋಷ್ಟಕಕ್ಕೆ ಒಂದು ಸಂಕಟ ಪ್ರಾಪ್ತವಾಗಿತ್ತು. 1894ರಲ್ಲಿ ರ್‍ಯಾಲೆ ಮತ್ತು ರ್‍ಯಾಮ್ಸೆ ನಾವು ಉಸಿರಾಡುವ ಗಾಳಿಯಲ್ಲಿಯೇ ಆರ್ಗಾನ್ ಎಂಬ, ಯಾವುದರೊಡನೆಯೂ ಕೂಡದ ಅನಿಲವನ್ನು ಕಂಡುಹಿಡಿದರು. 1898ರಲ್ಲಿ ರ್‍ಯಾಮ್ಸೆಯೂ ಟ್ರಾವರ್ಸನೂ ಸೇರಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನು ಅದರ ಜೊತೆಗೆ ಸೇರಿಸಿದರು. (ಜಮಶೇಟ್‌ಜಿ ಟಾಟಾರ ವಿಜ್ಞಾನಮಂದಿರಕ್ಕೆ ಬೆಂಗಳೂರೇ ತಕ್ಕ ಸ್ಥಳವೆಂದು ಸಲಹೆಯಿತ್ತವರು ಇದೇ ರ್‍ಯಾಮ್ಸೆ, ಆ ಮಂದಿರದ ಮೊದಲ ನಿರ್ದೇಶಕರಾಗಿ ಬಂದವರು ಇದೇ ಟ್ರಾವರ್ಸ್. ಜಡಾನಿಲಗಳ ಕಂಬಸಾಲಿಗೂ ನಮ್ಮ ಕನ್ನಡನಾಡಿಗೂ ಹೀಗೊಂದು ನಂಟುಂಟು.) ಆರ್ಗಾನಿನ ಪರಮಾಣುಭಾರ 39.95, ಪೊಟ್ಯಾಸಿಯಂನದು 39.10. ಭಾರದ ಕ್ರಮವನ್ನೇ ಪಾಲಿಸಿದರೆ ಜಡವಾದ ಆರ್ಗಾನು ಉಗ್ರವಾದ ಸೋಡಿಯಂನ ಕೆಳಗೂ, ಪೊಟ್ಯಾಸಿಯಂ ಜಡಾನಿಲಗಳ ಸಾಲಿಗೂ ಹೋಗಬೇಕಾಗುತ್ತದೆ. ಟೆಲ್ಲುರಿಯಂ ಮತ್ತು ಅಯೊಡಿನ್‌ಗಳಲ್ಲಿಯೂ ಇದೇ ತೊಡಕು. ಗುಣಕ್ಕಾಗಿ ಸ್ಥಾನವನ್ನು ಅದಲುಬದಲು ಮಾಡಿಕೊಂಡರೇನೋ ಸರಿಹೋಗುತ್ತಿತ್ತು. ಆದರೆ ಭಾರವಲ್ಲದಿದ್ದರೆ ಈ ಕ್ರಮವನ್ನು ಆಳುತ್ತಿರುವುದು ಮತ್ತಾವುದು ಎಂಬ ಪ್ರಶ್ನೆ ಉಳಿದೇ ಇತ್ತು.

ಉತ್ತರ ಪರಮಾಣುವಿನ ಒಳಗಿನಿಂದ ಬಂದಿತು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲ್ಲ ಪರಮಾಣುಗಳಲ್ಲಿಯೂ ಇರುವ, ಋಣವಿದ್ಯುತ್ತನ್ನು ಹೊತ್ತ, ಅತಿ ಹಗುರವಾದ ಎಲೆಕ್ಟ್ರಾನನ್ನು ತೋರಿಸಿಕೊಟ್ಟನು. 1911ರಲ್ಲಿ ರುದರ್‌ಫರ್ಡ್, ಪರಮಾಣುವಿನ ಬಹುಮಟ್ಟಿನ ದ್ರವ್ಯವೂ ಅದರ ಧನವಿದ್ಯುತ್ತೂ ಅದರ ನಡುವಣ ಒಂದು ಸೂಕ್ಷ್ಮಬೀಜದಲ್ಲಿ ಅಡಗಿವೆಯೆಂದು ಸಾಧಿಸಿದನು. ಪರಮಾಣುವಿನ ಅಗಲ ಒಂದು ಮೀಟರಿನ ಸಾವಿರಕೋಟಿಯಲ್ಲಿ ಒಂದು ಪಾಲಿನಷ್ಟಿದ್ದರೆ, ಬೀಜದ ಅಗಲ ಅದರಲ್ಲಿಯೂ ಹತ್ತುಸಾವಿರದಿಂದ ಲಕ್ಷದ ಒಂದು ಪಾಲು. 1913ರಲ್ಲಿ ಮೋಸ್ಲಿ ಎಂಬ ತರುಣನು ಒಂದೊಂದು ಧಾತುವೂ ಹೊರಸೂಸುವ ಎಕ್ಸ್‌-ಕಿರಣಗಳನ್ನು ಅಳೆದು ನೋಡಿ, ಒಂದು ಧಾತುವಿನಿಂದ ಮುಂದಿನದಕ್ಕೆ ಹೋಗುವಾಗ ಬೀಜದ ಧನವಿದ್ಯುತ್ತು ಒಂದೊಂದೇ ಮಾನ ಏರುವುದನ್ನು ಕಂಡನು. ಹೈಡ್ರೊಜನ್ನಿಗೆ 1, ಹೀಲಿಯಂಗೆ 2, ಹೀಗೆ ಎಣಿಸಿದರೆ ಆರ್ಗಾನು 18, ಪೊಟ್ಯಾಸಿಯಂ 19; ಸಂಕಟ ಪರಿಹಾರವಾಯಿತು. ಈ ಎಣಿಕೆಗೆ ಪರಮಾಣುಸಂಖ್ಯೆಯೆಂದು ಹೆಸರು. ಬೀಜದಲ್ಲಿರುವ ಪ್ರೋಟಾನುಗಳ ಸಂಖ್ಯೆಯೇ ಅದು. ಪರಮಾಣು ವಿದ್ಯುದ್ರಹಿತವಾಗಿರುವಾಗ ಹೊರಗಿನ ಎಲೆಕ್ಟ್ರಾನುಗಳ ಸಂಖ್ಯೆಯೂ ಅದೇ. ಬೀಜದಲ್ಲಿ ಪ್ರೋಟಾನುಗಳೊಡನೆ ವಿದ್ಯುತ್ತಿಲ್ಲದ ನ್ಯೂಟ್ರಾನುಗಳೂ ಇರುವುದರಿಂದ, ಮತ್ತು ಅವುಗಳ ಸಂಖ್ಯೆ ಒಂದೇ ಧಾತುವಿನಲ್ಲಿಯೂ ಬೇರೆಬೇರೆಯಾಗಿರಬಹುದಾದ್ದರಿಂದ, ಭಾರ ಕೆಲವೆಡೆ ಕ್ರಮತಪ್ಪುತ್ತದೆ. ಮೋಸ್ಲಿ 1915ರಲ್ಲಿ ಗ್ಯಾಲಿಪೊಲಿಯ ಯುದ್ಧಭೂಮಿಯಲ್ಲಿ ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮಡಿದನು. ಅಂಥ ಬುದ್ಧಿಯನ್ನು ಬಂದೂಕಿನ ಬಾಯಿಗೆ ಕಳುಹಿಸಿದ ಕಾಲವನ್ನು ಕ್ಷಮಿಸುವುದು ಕಷ್ಟ.

ಪರಮಾಣುಸಂಖ್ಯೆ ತಿಳಿದ ಮೇಲೆ ಖಾಲಿ ಮನೆಗಳು ಎಷ್ಟು, ಎಲ್ಲೆಲ್ಲಿ ಎಂಬುದೂ ನಿಷ್ಕೃಷ್ಟವಾಯಿತು. ಪ್ರಫುಲ್ಲಚಂದ್ರರ ಶೋಧನೆಯ ಗತಿ ಏನಾಗುತ್ತಿತ್ತೆಂಬುದನ್ನು ಈಗ ಊಹಿಸಬಹುದು. 72ನೆಯ ಹಾಫ್ನಿಯಂ ಜಿರ್ಕೋನಿಯಂ ಖನಿಜಗಳಲ್ಲಿಯೇ ಅವಿತಿತ್ತು. ಆದರೆ ಆ ಎರಡು ಧಾತುಗಳ ರಾಸಾಯನಿಕ ಸ್ವಭಾವ ಎಷ್ಟು ಸಮಾನವೆಂದರೆ, 1923ರಲ್ಲಿ ಕೋಪನ್‌ಹೇಗನ್ನಿನಲ್ಲಿ ಎಕ್ಸ್‌-ಕಿರಣಗಳಿಂದಲ್ಲದೆ ಅದು ಸಿಕ್ಕಿಬೀಳಲಿಲ್ಲ. ಮ್ಯಾಂಗನೀಸಿನ ಕೆಳಗಣ 43ನೆಯ ಮನೆಯಂತೂ ಖನಿಜಗಳನ್ನು ಎಷ್ಟು ತೂಗಿದರೂ ತುಂಬುವಂಥದಲ್ಲ. ಆ ಧಾತುವಿನ ಬೀಜ ಸ್ಥಿರವಲ್ಲದುದರಿಂದ ಭೂಮಿಯ ಆಯುಷ್ಯದಲ್ಲಿ ಅದು ಎಂದೋ ಕ್ಷಯಿಸಿಹೋಗಿತ್ತು. 1937ರಲ್ಲಿ ಸೈಕ್ಲೊಟ್ರಾನ್ ಯಂತ್ರದ ಕಿರಣಗಳಿಗೆ ಒಡ್ಡಿದ ಮಾಲಿಬ್ಡಿನಂ ತಗಡಿನಲ್ಲಿ ಅದು ದೊರೆಯಿತು. ಆದ್ದರಿಂದ ಪಾದರಸದ ಹಳದಿ ಹರಳುಗಳು ಪ್ರಫುಲ್ಲಚಂದ್ರರನ್ನು ಆ ದಾರಿಯಿಂದ ಈಚೆಗೆ ಎಳೆದುದು ಒಳ್ಳೆಯದೇ ಆಯಿತೆಂದು ನಾನು ನಂಬುತ್ತೇನೆ.

ಇನ್ನು ಗುಣಗಳು ಮರುಕಳಿಸುವುದೇಕೆ? ಎಲೆಕ್ಟ್ರಾನುಗಳು ಬೀಜದ ಸುತ್ತ ಕವಚಕವಚಗಳಾಗಿ ನೆಲೆಸುತ್ತವೆ. ಮೊದಲ ಕವಚದಲ್ಲಿ ಎರಡಕ್ಕೇ ಸ್ಥಳ, ಎರಡನೆಯದರಲ್ಲಿ ಎಂಟಕ್ಕೆ. ಆಚೆಗಿನ ಕವಚಗಳಲ್ಲಿ ಇನ್ನೂ ಹೆಚ್ಚು ಸ್ಥಳವಿದ್ದರೂ, ಒಳಗಿನದು ಪೂರ್ತಿಯಾಗಿ ತುಂಬುವ ಮೊದಲೇ ಹೊರಗಿನದು ತೊಡಗುವುದುಂಟು. ಸೋಡಿಯಂನ ಹನ್ನೊಂದು ಎಲೆಕ್ಟ್ರಾನುಗಳು ಎರಡು, ಎಂಟು, ಒಂದು ಎಂದು ಹಂಚಿಹೋದರೆ, ಪೊಟ್ಯಾಸಿಯಂನ ಹತ್ತೊಂಬತ್ತು ಎರಡು, ಎಂಟು, ಎಂಟು, ಒಂದು ಎಂದು ಹಂಚಿಹೋಗುತ್ತವೆ. ಎರಡರಲ್ಲಿಯೂ ಹೊರಗೆ ಒಂಟಿಯಾಗಿರುವುದು ಒಂದೇ ಎಲೆಕ್ಟ್ರಾನು; ಅನ್ಯ ಪರಮಾಣುವಿನೊಡನೆ ವ್ಯವಹಾರಕ್ಕೆ ಬರುವುದು ಅದೇ. ಕ್ಲೋರಿನ್ನಿನ ಹೊರಕವಚದಲ್ಲಿ ಏಳಿದ್ದು ಒಂದಕ್ಕಾಗಿ ಅದು ಹಾತೊರೆಯುವುದರಿಂದ, ಸೋಡಿಯಂ ಕೊಟ್ಟು ಕ್ಲೋರಿನ್ ಕೊಂಡು ನಮ್ಮ ಅಡಿಗೆಯ ಉಪ್ಪಾಗುತ್ತದೆ. ಆರ್ಗಾನಿನ ಹೊರಗೆ ಎಂಟು ಇರುವುದರಿಂದ ಅದಕ್ಕೆ ಕೊಡುವ ಗೊಡವೆಯೂ ಇಲ್ಲ, ಕೊಳ್ಳುವ ಗೊಡವೆಯೂ ಇಲ್ಲ. ಕೋಷ್ಟಕದ ಆವರ್ತಗಳ ಉದ್ದ 2, 8, 8, 18, 18, 32, 32 ಎಂದು ಏರುವುದು ಈ ತುಂಬುವಿಕೆಯ ಕ್ರಮದಿಂದಲೇ. ಅವನ್ನು ಕೂಡಿದರೆ ಇಂದಿನ 118 ಧಾತುಗಳ ಲೆಕ್ಕ ಸರಿಯಾಗುತ್ತದೆ.

ಒಂದೇ ಕಂಬಸಾಲಿನಲ್ಲಿ ಕೆಳಗಿಳಿದಂತೆಲ್ಲ ಹೊರಗಿನ ಎಲೆಕ್ಟ್ರಾನು ಬೀಜದಿಂದ ದೂರ ಸರಿದು ಹಿಡಿತ ಸಡಿಲಾಗುತ್ತದೆ. ಅದನ್ನು ಕಿತ್ತುತೆಗೆಯಲು ಬೇಕಾದ ಶಕ್ತಿಯನ್ನು ಎಲೆಕ್ಟ್ರಾನ್‌ವೋಲ್ಟುಗಳಲ್ಲಿ ಹೇಳುವುದಾದರೆ ಸೋಡಿಯಂಗೆ 5.1, ಪೊಟ್ಯಾಸಿಯಂಗೆ 4.3, ರುಬಿಡಿಯಂಗೆ 4.2, ಸೀಸಿಯಂಗೆ 3.9. ಹೈಡ್ರೊಜನ್ನಿಗೆ 13.6, ಹೀಲಿಯಂಗೆ 24.6 ಬೇಕು. ಪಾದರಸಕ್ಕೆ, ಲೋಹವಾಗಿಯೂ, 10.4; ಎಂಬತ್ತು ಪ್ರೋಟಾನುಗಳುಳ್ಳ ಅದರ ಬೀಜ ಹೊರಗಿನ ಎರಡು ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದಿದೆ. ಪ್ರಫುಲ್ಲಚಂದ್ರರ ಹರಳಿನಲ್ಲಿ ಎರಡೆರಡು ಪಾದರಸ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡು ಜೋಡಿಯಾಗಿ ನಿಂತಿರುತ್ತವೆ. 1896ರಲ್ಲಿ ಎಲೆಕ್ಟ್ರಾನೇ ತಿಳಿದಿರಲಿಲ್ಲವಾಗಿ, ಆ ಜೋಡಿಯ ರಹಸ್ಯ ಅವರಿಗೆ ಎಟಕುವಂತಿರಲಿಲ್ಲ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರ ಪಾಠ ಕೇಳಿದವರಲ್ಲಿ ಢಾಕಾ ಸಮೀಪದ ಶೇವಡಾತಲಿ ಗ್ರಾಮದಿಂದ ಬಂದ ಬಡ ಹುಡುಗ ಮೇಘನಾದನೂ ಒಬ್ಬ. 1916ರಲ್ಲಿ ವಿಜ್ಞಾನ ಕಾಲೇಜಿನಲ್ಲಿ ಅಧ್ಯಾಪಕನಾದ ಆತನನ್ನು ಸೂರ್ಯನ ವಿಷಯವಾದ ಒಂದು ಒಗಟು ಕಾಡಿತು. ಗ್ರಹಣಕಾಲದಲ್ಲಿ ಸೂರ್ಯಬಿಂಬದ ಅಂಚಿನಲ್ಲಿ ತೋರುವ ವರ್ಣಗೋಳವನ್ನು, ಬೆಳಕನ್ನು ಬಣ್ಣಬಣ್ಣದ ರೇಖೆಗಳಾಗಿ ಬಿಡಿಸಿ ತೋರುವ ರೋಹಿತದರ್ಶಕದಿಂದ ನೋಡಿದರೆ, ಕ್ಯಾಲ್ಸಿಯಂಗೆ ಸೇರಿದ ಎರಡು ರೇಖೆಗಳು ಸುಮಾರು 14,000 ಕಿಲೋಮೀಟರ್ ಎತ್ತರದವರೆಗೂ ಕಾಣುತ್ತಿದ್ದವು. ನಲವತ್ತರ ಭಾರದ ಕ್ಯಾಲ್ಸಿಯಂ ಅತ್ಯಂತ ಹಗುರವಾದ ಹೈಡ್ರೊಜನ್ನನ್ನೂ ಮೀರಿ ಮೇಲೇರುವುದೆಂತು? ಮತ್ತು ಸೋಡಿಯಂನ ರೇಖೆಗಳು ಸೂರ್ಯನಲ್ಲಿ ಢಾಳವಾಗಿರುವಾಗ ಅದೇ ವರ್ಗದ ರುಬಿಡಿಯಂ, ಸೀಸಿಯಂಗಳ ಸುಳಿವೇ ಇಲ್ಲದಿರುವುದೇಕೆ?

ಸಹಾ ಇದನ್ನು ರಸಾಯನಶಾಸ್ತ್ರದ ಸಮಸ್ಯೆಯನ್ನಾಗಿ ನೋಡಿದರು; ಅವರ ಪ್ರತಿಭೆ ಇರುವುದು ಇಲ್ಲಿಯೇ. ಸುಣ್ಣದ ಗೂಡಿನಲ್ಲಿ ಕಾದ ಸುಣ್ಣಕಲ್ಲು ಸುಟ್ಟಸುಣ್ಣವಾಗಿಯೂ ಅನಿಲವಾಗಿಯೂ ಒಡೆಯುವಂತೆ, ಸೂರ್ಯನ ತಾಪದಲ್ಲಿ ಕ್ಯಾಲ್ಸಿಯಂ ಪರಮಾಣು ಎಲೆಕ್ಟ್ರಾನಾಗಿಯೂ, ಅದನ್ನು ಕಳೆದುಕೊಂಡು ಉಳಿದ ಅಯಾನಾಗಿಯೂ ಒಡೆಯುತ್ತದೆ. ಗೂಡಿನಲ್ಲಿ ಎಷ್ಟು ಒಡೆಯುವುದೆಂಬುದನ್ನು ತಾಪವೂ ಒತ್ತಡವೂ ನಿರ್ಣಯಿಸುವಂತೆ ಇಲ್ಲಿಯೂ ಅವೇ ನಿರ್ಣಯಿಸುತ್ತವೆ. ಎಲೆಕ್ಟ್ರಾನಿನ ಮೇಲಣ ಹಿಡಿತದ ಶಕ್ತಿಯನ್ನು ಲೆಕ್ಕಕ್ಕೆ ಸೇರಿಸಿದರೆ, ಯಾವ ತಾಪದಲ್ಲಿ, ಯಾವ ಒತ್ತಡದಲ್ಲಿ, ಯಾವ ಧಾತುವಿನ ಎಷ್ಟು ಪಾಲು ಎಲೆಕ್ಟ್ರಾನನ್ನು ಕಳೆದುಕೊಂಡಿರುವುದೆಂದು ಒಂದೇ ಸಮೀಕರಣದಿಂದ ಹೇಳಬಹುದು. ಕಲ್ಕತ್ತೆಯಲ್ಲಿ ಬರೆದ ಆ ಲೇಖನ 1920ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ‘ಫಿಲಸಾಫಿಕಲ್ ಮ್ಯಾಗಜಿನ್’ನಲ್ಲಿ ಪ್ರಕಟವಾಯಿತು. ಎತ್ತರದಲ್ಲಿ ಕಾಣುವ ರೇಖೆಗಳು ಒಂದು ಎಲೆಕ್ಟ್ರಾನನ್ನು ನೀಗಿಕೊಂಡ ಕ್ಯಾಲ್ಸಿಯಂನವು. ಅಲ್ಲಿ ಒತ್ತಡ ತೀರ ಕಡಿಮೆಯಾದ್ದರಿಂದ ಕ್ಯಾಲ್ಸಿಯಂ ಬಹುಪಾಲು ಆ ಸ್ಥಿತಿಯಲ್ಲಿಯೇ ಇರುತ್ತದೆ. ರುಬಿಡಿಯಂ, ಸೀಸಿಯಂಗಳ ಹಿಡಿತ ಎಲ್ಲಕ್ಕಿಂತ ಸಡಿಲವಾಗಿರುವುದರಿಂದ ಅವು ಸೂರ್ಯನ ಮೇಲ್ಮೈಯಲ್ಲಿ ಹೊರ ಎಲೆಕ್ಟ್ರಾನನ್ನು ಕಳೆದುಕೊಂಡು ತಮ್ಮ ಪರಿಚಿತ ರೇಖೆಗಳನ್ನು ತೋರದಂತಾಗಿವೆ; ತಾಪ ಕಡಿಮೆಯಿರುವ ಸೂರ್ಯಕಲೆಗಳಲ್ಲಿ ಅರಸಿದರೆ ಸಿಕ್ಕಾವು ಎಂದು ಸಹಾ ಸೂಚಿಸಿದರು. ಅಮೆರಿಕದ ಖಗೋಳಜ್ಞ ಹೆನ್ರಿ ನಾರಿಸ್ ರಸೆಲ್ ಕೆಲಕಾಲದಲ್ಲಿಯೇ ಸೂರ್ಯಕಲೆಯ ರೋಹಿತದಲ್ಲಿ ರುಬಿಡಿಯಂನ ರೇಖೆಗಳನ್ನು ಕಂಡರು. ಕೋಷ್ಟಕದ ಮೊದಲ ಕಂಬಸಾಲಿನಲ್ಲಿ ಮೇಲಿಂದ ಕೆಳಕ್ಕೆ ಹಿಡಿತ ಸಡಿಲಾಗುತ್ತ ಹೋಗುವ ಕ್ರಮ ಸೂರ್ಯನಲ್ಲಿ ಹೀಗೆ ಅಚ್ಚೊತ್ತಿದಂತೆ ಕಂಡಿತು.

ರೇಖೆ ದಟ್ಟವಾಗಿ ಕಂಡ ಧಾತು ಹೆಚ್ಚಾಗಿದೆಯೆಂದೂ, ಮಸುಕಾಗಿ ಕಂಡುದು ಕಡಿಮೆಯಿದೆಯೆಂದೂ ಆವರೆಗೆ ಎಣಿಸುತ್ತಿದ್ದುದು ಸರಿಯಲ್ಲವೆಂದು ಸಹಾರ ಸಮೀಕರಣ ತೋರಿಸಿತು. ಅದನ್ನೇ ಆಧರಿಸಿ 1925ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಸೆಸಿಲಿಯಾ ಪೇನ್ ನಕ್ಷತ್ರಗಳ ಧಾತುಪ್ರಮಾಣವನ್ನು ಗಣಿಸಿದಳು. ಸೂರ್ಯನ ತಾಪದಲ್ಲಿ ಹೈಡ್ರೊಜನ್ನಿನ ಅತ್ಯಲ್ಪ ಪಾಲು ಮಾತ್ರ ದೃಶ್ಯರೇಖೆಗಳನ್ನು ಮೂಡಿಸಬಲ್ಲ ಸ್ಥಿತಿಯಲ್ಲಿರುತ್ತದೆ; ಆದರೂ ಆ ರೇಖೆಗಳು ಅಷ್ಟು ಸ್ಪಷ್ಟವಾಗಿ ಕಾಣಬೇಕಾದರೆ ಹೈಡ್ರೊಜನ್ ಅಲ್ಲಿ ಅಪಾರವಾಗಿರಲೇಬೇಕು. ಸೂರ್ಯನ ಘಟಕಗಳು ಭೂಮಿಯವುಗಳಂತೆಯೇ ಎಂದು ನಂಬಿದ್ದ ರಸೆಲ್ ಇದನ್ನು ಮೊದಲು ಒಪ್ಪದಿದ್ದುದರಿಂದ, ಆಕೆ ತನ್ನ ಫಲಿತಾಂಶವನ್ನೇ ಸಂಶಯಿಸಿ ಬರೆಯುವಂತಾಯಿತು. 1929ರಲ್ಲಿ ಬೇರೆ ದಾರಿಯಿಂದ ಅದೇ ಫಲಿತಾಂಶಕ್ಕೆ ತಲುಪಿದ ರಸೆಲ್ಲರು ಆಕೆಯ ಮಾತನ್ನು ಅಂಗೀಕರಿಸಿದರು. ಇಂದಿನ ಗಣನೆಯಂತೆ ಸೂರ್ಯನ ಹೊರಪದರದ ದ್ರವ್ಯದಲ್ಲಿ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಕೋಷ್ಟಕದ ಮೊದಲ ಮನೆಯ ಹೈಡ್ರೊಜನ್, ಉಳಿದುದರಲ್ಲಿ ಬಹುಪಾಲು ಎರಡನೆಯ ಮನೆಯ ಹೀಲಿಯಂ; ಮಿಕ್ಕ ಎಲ್ಲ ಧಾತುಗಳೂ ಕೂಡಿ ನೂರಕ್ಕೆ ಎರಡರಷ್ಟೂ ಆಗುವುದಿಲ್ಲ.