ಗಂಡು ಕತ್ತೆಯೋ ಹೆಣ್ಣು ಕತ್ತೆಯೋ: ಸೊಮಾಲಿ ಭಾಷೆಯ ಪಿಚ್ ಲೆಕ್ಕ

ಓಟಗಾರ ಮೊ ಫರಾ ಹೆಸರು ಕೇಳಿರ್ತೀರಿ. 2012 ಮತ್ತು 2016ರ ಒಲಿಂಪಿಕ್ಸ್ ಎರಡರಲ್ಲೂ 5,000 ಮತ್ತು 10,000 ಮೀಟರ್ ಚಿನ್ನ ಗೆದ್ದವರು. ಆ ‘ಫರಾ’ವನ್ನು ಸೊಮಾಲಿ ಕಾಗುಣಿತದಲ್ಲಿ ಬರೆದರೆ ಕೊನೆಯ ಅಕ್ಷರ ಇಂಗ್ಲಿಷಿನ ಎಕ್ಸ್! ‘ಅಲಿ’ ಅನ್ನೋ ಹೆಸರು ಶುರುವಾಗೋದು ಸಿ ಅಕ್ಷರದಿಂದ. ಮೊದಲ ಸಲ ನೋಡಿದಾಗ ಯಾರೋ ಕೀಬೋರ್ಡ್ ಮೇಲೆ ಕೈ ಇಟ್ಟು ಮಲಗಿಬಿಟ್ಟಿದ್ದಾರೆ ಅನ್ನಿಸಿತ್ತು. ಆಮೇಲೆ ಗೊತ್ತಾಯ್ತು, ಇದರ ಹಿಂದೆ ಅಚ್ಚುಕಟ್ಟಾದ ಎಂಜಿನಿಯರಿಂಗ್ ತಲೆ ಇದೆ.

ಸೊಮಾಲಿ ಕುಶಿಟಿಕ್ ಗುಂಪಿನ ಭಾಷೆ. ಒರೊಮೊ, ಅಫಾರ್ ಇದರ ಹತ್ತಿರದ ನಂಟರು. ಅರಬ್ಬಿ, ಹೀಬ್ರೂ ದೂರದ ದಾಯಾದಿಗಳು. ಸೊಮಾಲಿಯಾ ಅಲ್ಲದೆ ಜಿಬೂಟಿ, ಇಥಿಯೋಪಿಯಾದ ಪೂರ್ವಭಾಗ, ಕೆನ್ಯಾದ ಈಶಾನ್ಯದಲ್ಲೂ ಮಾತಾಡ್ತಾರೆ. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಜನ ಮಾತಾಡೋದು ಸೊಮಾಲಿ, ಕಚೇರಿ ಕಾಗದ ಮಾತ್ರ ಇಂಗ್ಲಿಷು, ಇಟಾಲಿಯನ್ನು. ಅರಬ್ಬಿ ಲಿಪಿ ಬೇಕು, ಸ್ವಂತ ಲಿಪಿ ಬೇಕು, ರೋಮನ್ ಬೇಕು ಅಂತ ವರ್ಷಗಟ್ಟಲೆ ಜಗಳ ನಡೆದು, ಕೊನೆಗೆ 1972ರಲ್ಲಿ ರೋಮನ್ ಲಿಪಿ ಅಧಿಕೃತವಾಯಿತು. ಅದರಲ್ಲಿ ಮೇಲೆ ಚುಕ್ಕಿ, ಕೆಳಗೆ ಗೆರೆ ಏನೂ ಇಲ್ಲ. ಮಾಮೂಲಿ ಟೈಪ್‌ರೈಟರ್‌ನಲ್ಲಿ ಇರೋ ಕೀಗಳಷ್ಟೇ ಸಾಕು.

ಹಾಗಾಗಿ ಸುಮ್ಮನೆ ಕೂತಿದ್ದ ಅಕ್ಷರಗಳಿಗೆ ಹೊಸ ಡ್ಯೂಟಿ ಬಿತ್ತು. ನಾಲಿಗೆಯ ಬುಡವನ್ನು ಹಿಂದಕ್ಕೆಳೆದು, ಗಂಟಲು ಬಿಗಿ ಮಾಡಿ ‘ಹ’ ಅಂದರೆ ಬರುವ ಸದ್ದು ಎಕ್ಸ್. ಅದೇ ಜಾಗದಲ್ಲಿ ದನಿ ಸೇರಿಸಿದರೆ ಸಿ. ಕನ್ನಡದಲ್ಲಿ ಇವೆರಡೂ ಇಲ್ಲ. ಅವರಲ್ಲಿ ಇಲ್ಲದ್ದು ಪಿ, ವಿ, ಜೆಡ್. ಅದಕ್ಕೇ ಪೊಲೀಸ್ ಅಲ್ಲಿ ‘ಬೋಲೀಸ್’.

ನಮಗೆ ಸಲೀಸಾದದ್ದೂ ಒಂದಿದೆ. ಸೊಮಾಲಿಯಲ್ಲಿ ದ ಮತ್ತು ಡ ಬೇರೆ ಬೇರೆ. ‘ದುಲ್’ ಅಂದರೆ ಮೇಲ್ಭಾಗ, ‘ಡುಲ್’ ಅಂದರೆ ನೆಲ. ಇಂಗ್ಲಿಷರ ಕಿವಿಗೆ ಕಷ್ಟವಾಗುವ ಈ ವ್ಯತ್ಯಾಸ ನಮಗೆ ಒಂದನೇ ಕ್ಲಾಸಿನ ಪಾಠ. ಎಡವಟ್ಟು ಏನಪ್ಪಾ ಅಂದ್ರೆ, ಈ ಡ ಅನ್ನು ಅವರು ಬರೆಯೋದು ಡಿ-ಎಚ್ ಅಂತ. ನಾವು ವಾಟ್ಸಾಪ್‌ನಲ್ಲಿ ಧ ಬರೆಯೋ ಹಾಗೆ. ಇನ್ನು ಸ್ವರಗಳು: ಅಕ್ಷರ ಐದು. ಹ್ರಸ್ವ-ದೀರ್ಘ ಸೇರಿ ಹತ್ತು, ದೀರ್ಘಕ್ಕೆ ಅಕ್ಷರ ಎರಡು ಸಲ. ಈ ಹತ್ತರಲ್ಲಿ ಪ್ರತಿಯೊಂದಕ್ಕೂ ನಾಲಿಗೆ ಸ್ವಲ್ಪ ಮುಂದೆ ಚಾಚಿದ ರೂಪ, ಹಿಂದೆ ಸರಿದ ರೂಪ ಅಂತ ಎರಡು. ಒಟ್ಟು ಇಪ್ಪತ್ತು. ಈ ಮುಂದೆ-ಹಿಂದೆ ಲಿಪಿಯಲ್ಲಿ ಕಾಣಿಸೋದೇ ಇಲ್ಲ.

ಲಿಪಿಯಲ್ಲಿ ಕಾಣಿಸದ ಇನ್ನೊಂದು ಸಂಗತಿ ಟೋನ್, ಅಂದ್ರೆ ದನಿಯ ಪಿಚ್ಚಿನ ಏರಿಳಿತ. ನನಗೆ ಹುಚ್ಚು ಹಿಡಿಸಿದ್ದು ಇದೇ.

‘ಇನನ್’ ಅನ್ನೋ ಪದ ತಗೊಳ್ಳಿ. ಪಿಚ್ ‘ಇ’ ಮೇಲೆ ಏರಿದರೆ ಹುಡುಗ, ‘ನ’ ಮೇಲೆ ಏರಿದರೆ ಹುಡುಗಿ. ಅಕ್ಷರ ಒಂದೇ, ಕಾಗುಣಿತ ಒಂದೇ. ‘ದಿಬಿ’ಯಲ್ಲಿ ಮೊದಲನೆಯದು ಏರಿದರೆ ಒಂದು ಹೋರಿ, ಎರಡನೆಯದು ಏರಿದರೆ ಹಲವು ಹೋರಿ. ‘ಅರ್ದಯ್’ ಕೂಡ ಹಾಗೇ: ಒಬ್ಬ ವಿದ್ಯಾರ್ಥಿ, ಅಥವಾ ಇಡೀ ಕ್ಲಾಸು.

ಟೋನ್ ಅಂದ ಕೂಡಲೇ ಚೀನೀ ಭಾಷೆ ನೆನಪಾಗುತ್ತೆ ಅಲ್ವಾ? ಅಲ್ಲಿ ಹೆಚ್ಚುಕಡಿಮೆ ಪ್ರತಿ ಅಕ್ಷರಕ್ಕೂ ಅದರದೇ ಟೋನ್, ಅದು ಬದಲಾದರೆ ಸಂಬಂಧವೇ ಇಲ್ಲದ ಬೇರೆ ಪದ. ಸೊಮಾಲಿ ಹಾಗಲ್ಲ. ಇಲ್ಲಿ ನಾಮಪದವನ್ನು ಬಿಡಿಯಾಗಿ ಹೇಳಿದಾಗ ಒಂದೇ ಒಂದು ಏರು, ಅದೂ ಕೊನೆಯ ಮಾತ್ರೆಯ ಮೇಲೆ ಅಥವಾ ಅದರ ಹಿಂದಿನ ಮಾತ್ರೆಯ ಮೇಲೆ. ಹೌದು, ಮಾತ್ರೆಯೇ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕುವಾಗ ಎಣಿಸಿದ್ದೆವಲ್ಲ, ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಅದೇ. ಆದರೆ ಟೋನ್ ಲೆಕ್ಕದಲ್ಲಿ ಸ್ವರಗಳನ್ನು ಮಾತ್ರ ಎಣಿಸಬೇಕು, ಒತ್ತಕ್ಷರದ ತಲೆನೋವಿಲ್ಲ.

ಮಾತ್ರೆ ಯಾಕೆ ಮುಖ್ಯ ಅಂತ ಗೊತ್ತಾಗೋದು ‘ದಮೇರ್’ ಎಂಬ ಕತ್ತೆಯಿಂದ. ‘ದ’ದಲ್ಲಿ ಒಂದು ಮಾತ್ರೆ, ‘ಮೇ’ಯಲ್ಲಿ ಎರಡು, ಒಟ್ಟು ಮೂರು. ಗಂಡು ಕತ್ತೆಗೆ ಏರು ಕೊನೆಯದರ ಹಿಂದಿನ ಮಾತ್ರೆಯಲ್ಲಿ, ಅಂದ್ರೆ ‘ಮೇ’ಯ ಮೊದಲರ್ಧದಲ್ಲಿ, ದನಿ ಏರಿ ಅಲ್ಲೇ ಇಳಿಯುತ್ತೆ. ಹೆಣ್ಣು ಕತ್ತೆಗೆ ‘ಮೇ’ಯ ಎರಡನೇ ಅರ್ಧದಲ್ಲಿ. ಒಂದೇ ದೀರ್ಘ ಸ್ವರದೊಳಗೆ ಅತ್ತ ಅಥವಾ ಇತ್ತ, ಅಷ್ಟೇ. ಎಷ್ಟು ಮಿಲಿಸೆಕೆಂಡಿನ ಆಟ ಯೋಚಿಸಿ!

ಹಾಗಾದರೆ ಟೋನ್ ಮಾಡ್ತಿರೋದು ನಿಘಂಟಿನ ಕೆಲಸಕ್ಕಿಂತ ಹೆಚ್ಚಾಗಿ ವ್ಯಾಕರಣದ ಕೆಲಸ. ಲಿಂಗ, ವಚನ ಮಾತ್ರವಲ್ಲ, ವಿಭಕ್ತಿಯೂ ಇದರ ಪಾಲಿಗೆ ಬರುತ್ತೆ. ‘ನಿನ್’ ಅಂದರೆ ಗಂಡಸು. ಬಿಡಿಯಾಗಿ ಹೇಳಿದರೆ ಏರುದನಿ. ಅದೇ ಪದ ವಾಕ್ಯದ ಕರ್ತೃವಾದಾಗ, ಅದರ ಮೇಲೆ ವಿಶೇಷ ಒತ್ತಿಲ್ಲದಿದ್ದರೆ, ಏರು ಮಾಯ. ನಾವು ‘ಉ’, ‘ಅನ್ನು’ ಅಂಟಿಸಿ ಹೇಳೋದನ್ನ ಅವರು ಪಿಚ್ ಇಳಿಸಿಯೂ ಹೇಳಬಲ್ಲರು.

ಇದು 1972ರಲ್ಲಿ ಲಿಪಿ ತಂದವರಿಗೆ ಹೊಸ ಸುದ್ದಿಯೇನಲ್ಲ. ಲಂಡನ್ನಿನ ಧ್ವನಿವಿಜ್ಞಾನಿ ಲಿಲಿಯಸ್ ಆರ್ಮ್‌ಸ್ಟ್ರಾಂಗ್ 1934ರಲ್ಲೇ ಸೊಮಾಲಿ ಟೋನ್‌ಗಳನ್ನು ವಿವರಿಸಿದ್ದರು. ಆದರೂ ಲಿಪಿಯಲ್ಲಿ ಟೋನ್ ಗುರುತಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಲಾಸಿ ಕಂಪ್ರೆಶನ್. ನನ್ನ ಪ್ರಕಾರ ಅದು ತಪ್ಪು ನಿರ್ಧಾರವೂ ಅಲ್ಲ, ಯಾಕಂದ್ರೆ ಭಾಷೆ ತನ್ನದೇ ರಿಡಂಡೆನ್ಸಿ ಇಟ್ಟುಕೊಂಡಿದೆ. ‘ಆ ಹುಡುಗ’ ಎಂಬರ್ಥದಲ್ಲಿ ಪ್ರತ್ಯಯ ಸೇರಿದರೆ ‘ಇನನ್ಕ’, ‘ಆ ಹುಡುಗಿ’ ಆದರೆ ‘ಇನನ್ತ’. ಗಂಡು ಕತ್ತೆ ‘ದಮೇರ್ಕ’, ಹೆಣ್ಣು ಕತ್ತೆ ‘ದಮೇರ್ತ’. ಪಿಚ್ ಹೇಳಿದ್ದನ್ನೇ ವ್ಯಂಜನ ಇನ್ನೊಮ್ಮೆ ಹೇಳುತ್ತೆ. ಹೋರಿಯದು ಇನ್ನೂ ಮಜಾ. ಒಂದಕ್ಕೆ ‘ದಿಬಿಗ’, ಹಲವಕ್ಕೆ ‘ದಿಬಿದ’. ಈ ‘ದ’ ಸ್ತ್ರೀಲಿಂಗದ ಪ್ರತ್ಯಯ! ಬಹುವಚನ ಆದ ತಕ್ಷಣ ಹೋರಿಗಳು ವ್ಯಾಕರಣದಲ್ಲಿ ಸ್ತ್ರೀಲಿಂಗ ಆಗಿಬಿಡುತ್ತವೆ. ಏರು ಕೊನೆಯ ಮಾತ್ರೆಗೆ ಜಾರಿದ್ದಕ್ಕೂ ಇದಕ್ಕೂ ತಾಳೆಯಾಗುತ್ತೆ, ‘ಹುಡುಗಿ’ಯ ಏರು ಎಲ್ಲಿತ್ತು ನೋಡಿ.

ತೊಂದರೆ ಬರೋದು ಪ್ರತ್ಯಯ ಇಲ್ಲದೆ ಪದ ಒಂಟಿಯಾಗಿ ನಿಂತಾಗ. ಸೊಮಾಲಿಯವರು ಸಂದರ್ಭ ನೋಡಿ ಓದಿಕೊಳ್ತಾರೆ. ಬರಹವನ್ನು ಗಟ್ಟಿಯಾಗಿ ಓದುವ ಸಾಫ್ಟ್‌ವೇರ್ ಏನು ಮಾಡಬೇಕು? ಅಕ್ಷರದಿಂದ ಸದ್ದಿಗೆ ನೇರ ಟೇಬಲ್ ಹಾಕಿದರೆ ಸಾಲದು. ಕರ್ತೃ ಯಾವುದು, ಲಿಂಗ ಯಾವುದು, ಒಂದೋ ಹಲವೋ ಅಂತ ವಾಕ್ಯವನ್ನು ಬಿಡಿಸಿದ ಮೇಲೇ ಪಿಚ್ ಎಲ್ಲಿಡಬೇಕು ಅಂತ ಗೊತ್ತಾಗೋದು. ಪರದೆ ನೋಡಲಾಗದೆ ಕೇಳಿಯೇ ಓದುವವರಿಗೆ ಇಲ್ಲಿನ ತಪ್ಪು ನೇರವಾಗಿ ಕಿವಿಗೆ ಹೊಡೆಯುತ್ತೆ.

ಕುತೂಹಲ ಇದ್ದರೆ ಪ್ರಾಟ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಮಾಡಿದ್ದು. ನಿಮ್ಮ ದನಿಯ ಮೂಲ ಆವರ್ತನವನ್ನು ಆಟೋಕೋರಿಲೇಶನ್‌ನಿಂದ ಹುಡುಕಿ ಗೆರೆ ಎಳೆದು ತೋರಿಸುತ್ತೆ; ಸಿಗ್ನಲ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ ಗೊತ್ತು. ನಾನು ‘ಇನನ್’ ಎರಡು ಥರ ಹೇಳಿ ರೆಕಾರ್ಡ್ ಮಾಡಿದೆ. ಹುಡುಗ, ಹುಡುಗಿ ಎರಡನ್ನೂ ಸೊಗಸಾಗಿ ಹೇಳಿದೆ ಅಂದ್ಕೊಂಡಿದ್ದೆ. ಗೆರೆ ನೋಡಿದರೆ ಎರಡೂ ಸಲ ಹೆಚ್ಚುಕಡಿಮೆ ಒಂದೇ. ಪಿಚ್ ಏರಿಸುವ ಬದಲು ಸುಮ್ಮನೆ ಜೋರಾಗಿ ಕಿರುಚಿದ್ದೆ. ರೂಮ್‌ಮೇಟ್ ಹೆಡ್‌ಫೋನ್ ತೆಗೆದು ಕೇಳಿದ: “ಯಾರನ್ನೋ ಕರೀತಿದೀಯಾ?”