ಸೇವೆಯೆಂದರೆ ಎಲ್ಲವನ್ನೂ ಮಾಡಿಕೊಡುವುದೇ?

ಕಾಯಿಲೆ ಬಿದ್ದವರಿಗೆ ನಮ್ಮ ಕುಟುಂಬಗಳಲ್ಲಿ ಸೇವೆಯ ಕೊರತೆಯಿಲ್ಲ. ಪಾರ್ಶ್ವವಾಯು ಬಡಿದ ತಂದೆಗೆ ಮಗಳು ತುತ್ತು ಉಣಿಸುತ್ತಾಳೆ. ಮಂಡಿನೋವಿನ ಅತ್ತೆಗೆ ಸೊಸೆ ನೀರಿನ ಲೋಟವನ್ನೂ ಕುಳಿತಲ್ಲಿಗೇ ತಂದುಕೊಡುತ್ತಾಳೆ. ದೊಮ್ಮಲೂರಿನ ಮನೆಗಳಲ್ಲಿ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಈ ಮಮತೆಯನ್ನು ಕಂಡು ನಾವು ದೇವರಿಗೆ ಕೃತಜ್ಞತೆ ಸಲ್ಲಿಸುತ್ತೇವೆ. ಆದರೂ ಪ್ರಿಯ ಓದುಗರ ಮುಂದೆ ಈ ವಾರ ಒಂದು ಪ್ರಶ್ನೆಯನ್ನಿಡಬೇಕಾಗಿದೆ: ರೋಗಿಯು ತಾನೇ ಮಾಡಬಲ್ಲ ಕೆಲಸವನ್ನೂ ನಾವೇ ಮಾಡಿಕೊಟ್ಟರೆ ಆತನಿಗೆ ಒಳಿತಾಗುವುದೇ?

ಶಕ್ತಿಯೆಂಬುದು ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ಒಡವೆಯಲ್ಲ, ಬಳಸಿದರಷ್ಟೇ ಉಳಿಯುವಂಥದು. ಸಾಮರ್ಥ್ಯವು ಕ್ರಿಯೆಯಲ್ಲಿ ಪೂರ್ಣತೆ ಪಡೆಯುತ್ತದೆಂದು ಅರಿಸ್ಟಾಟಲ್ ಬೋಧಿಸಿದನು. ಸಂತ ತೋಮಸ್ ಅಕ್ವಿನಾಸರು ದೇಹ ಮತ್ತು ಆತ್ಮ ಎರಡೂ ಕೂಡಿಯೇ ಮನುಷ್ಯನೆಂದರು. ವೈದ್ಯಶಾಸ್ತ್ರದ ಅನುಭವವೂ ಇದಕ್ಕೆ ದೂರವಾದುದಲ್ಲ. ದುಡಿಯದ ಸ್ನಾಯು ಕ್ಷೀಣಿಸುತ್ತದೆ, ಅಲುಗದ ಕೀಲು ಬಿಗಿಯುತ್ತದೆ, ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಹಾಸಿಗೆ ಹುಣ್ಣಾಗುತ್ತದೆ. ಪಾರ್ಶ್ವವಾಯುವಿನ ಬಳಿಕವೂ ಪದೇ ಪದೇ ಮಾಡುವ ಅಭ್ಯಾಸದಿಂದ ಮಿದುಳು ಕಳೆದುಕೊಂಡ ಚಲನೆಯನ್ನು ಸ್ವಲ್ಪಮಟ್ಟಿಗಾದರೂ ಮತ್ತೆ ಕಲಿಯಬಲ್ಲದು.

ಫಿಸಿಯೋಥೆರಪಿಯೆಂದರೆ ಕರೆಂಟು ಕೊಡುವುದು, ಎಣ್ಣೆ ತಿಕ್ಕುವುದು ಎಂದು ಭಾವಿಸುವವರುಂಟು. ಅದರ ತಿರುಳು ಬೇರೆ. ಸಂಧಿವಾತ, ಪಾರ್ಕಿನ್ಸನ್, ಶ್ವಾಸಕೋಶದ ದೀರ್ಘಕಾಲದ ಬೇನೆ ಮುಂತಾದವು ಬಹುತೇಕ ಪೂರ್ತಿ ವಾಸಿಯಾಗುವಂಥವಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ ‘ಯಾವಾಗ ವಾಸಿಯಾದೀತು?’ ಎಂಬುದಲ್ಲ, ‘ಇವರು ಯಾವುದನ್ನು ತಾವೇ ಮಾಡಿಕೊಳ್ಳಬಯಸುತ್ತಾರೆ?’ ಎಂಬುದು. ಬಚ್ಚಲಿಗೆ ಹೋಗುವುದಿರಬಹುದು, ಅಂಗಿಯ ಗುಂಡಿ ಹಾಕಿಕೊಳ್ಳುವುದಿರಬಹುದು, ಭಾನುವಾರದ ಬಲಿಪೂಜೆಗೆ ದೇವಾಲಯದ ಮೆಟ್ಟಿಲೇರುವುದಿರಬಹುದು. ವ್ಯಾಯಾಮವೆಲ್ಲ ಆ ಗುರಿಗಾಗಿ.

ಈ ದಾರಿಯನ್ನು ತೋರಿದವರಲ್ಲಿ ಸ್ವತಃ ನೋವುಂಡವರಿದ್ದಾರೆ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಕಾಲುಗಳ ಚಲನೆಯನ್ನು ಕಳೆದುಕೊಂಡರು. ಆದರೂ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು; ನ್ಯೂಯಾರ್ಕಿನಲ್ಲಿ ಪುನಶ್ಚೇತನ ವೈದ್ಯಶಾಸ್ತ್ರ ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. ನಮ್ಮ ಬೆಂಗಳೂರಿನಲ್ಲಿ, ಪೋಲಿಯೊ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ಅಂಗವಿಕಲರ ಸಂಸ್ಥೆ ಎ.ಪಿ.ಡಿ. ಲಿಂಗರಾಜಪುರದಲ್ಲಿದೆ. ದೊಮ್ಮಲೂರಿನ ನೆರೆಯ ಇಂದಿರಾನಗರದಲ್ಲಿ ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗಾಗಿ ಶ್ರಮಿಸುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಹುಟ್ಟಿದ್ದು 1980ರಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅಂಗವೈಕಲ್ಯದ ವರ್ಗಗಳನ್ನು 7ರಿಂದ 21ಕ್ಕೆ ಏರಿಸಿ ಪಾರ್ಕಿನ್ಸನ್ ಕಾಯಿಲೆಯನ್ನೂ ಅದರೊಳಗೆ ಸೇರಿಸಿದೆ.

ಚಿಕಿತ್ಸಕರು ಬರುವುದು ವಾರಕ್ಕೆ ಕೆಲವು ಗಂಟೆ. ಉಳಿದ ಹೊತ್ತೆಲ್ಲ ಮನೆಯವರದು. ನಿತ್ಯ ಬರಮಾಡಿಕೊಳ್ಳಲು ಹಣ ಸಾಲದ ಕುಟುಂಬಗಳು, ವ್ಯಾಯಾಮಗಳನ್ನು ಒಮ್ಮೆ ಸರಿಯಾಗಿ ಕಲಿತು ತಾವೇ ಮುಂದುವರಿಸಬಹುದು. ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಬಾರದು, ಭುಜಕ್ಕೆ ಪೆಟ್ಟಾಗುತ್ತದೆ. ಹಾಸಿಗೆ ಹಿಡಿದವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಬೇಕು. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ, ಜಾರುವ ಕಾಲೊರಸನ್ನು ತೆಗೆಯಬೇಕು. ನಡೆಯುವಾಗ ಹೆಜ್ಜೆ ಕಟ್ಟಿಹೋಗುವ ಪಾರ್ಕಿನ್ಸನ್ ರೋಗಿಗಳಲ್ಲಿ ಅನೇಕರಿಗೆ ನೆಲದ ಮೇಲೆಳೆದ ಅಡ್ಡಗೆರೆಗಳು ನೆರವಾಗುತ್ತವೆ. ಎದೆನೋವು ಬಂದರೆ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಎಲ್ಲರೂ ಎದ್ದು ನಡೆಯುವರೆಂದು ನಾವು ಹೇಳುತ್ತಿಲ್ಲ. ನಡೆಯಲಾರದವರ ಘನತೆ ಎಳ್ಳಷ್ಟೂ ಕಡಿಮೆಯಲ್ಲ. ಸೇವೆ ಮಾಡಿ ದಣಿದ ಮಗಳು ಸೊಸೆಯರ ಮೇಲೆ ಮತ್ತೊಂದು ಹೊರೆ ಹೊರಿಸುವ ಇಚ್ಛೆಯೂ ನಮ್ಮದಲ್ಲ. ಈ ಕೆಲಸದಲ್ಲಿ ಗಂಡುಮಕ್ಕಳೂ ಪಾಲು ತೆಗೆದುಕೊಳ್ಳಲಿ. ಅಪ್ಪ ಒಂದು ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ತೆಗೆದುಕೊಂಡಾರು. ಆ ಹತ್ತು ನಿಮಿಷ ಕೈಕಟ್ಟಿ ಪಕ್ಕದಲ್ಲಿ ಕಾಯುವುದು, ನಾವೇ ಹಾಕಿಬಿಡುವುದಕ್ಕಿಂತ ಕಷ್ಟ. ಆದರೆ ಪ್ರಿಯರೇ, ಹಾಗೆ ಕಾಯುವುದೂ ಸೇವೆಯೇ.